ಖಾಲಿ ಕ್ಯಾನಿನ ಸ್ಪಿರಿಟ್ ಒಲೆ: ನಿಮ್ಮ ಪಾತ್ರೆಗೆ ಒಗ್ಗುವ ಮಾದರಿ ಯಾವುದು?

ಖಾಲಿ ಕ್ಯಾನಿನಿಂದ ಸ್ಪಿರಿಟ್ ಒಲೆ ಮಾಡಲು ಹೊರಟವರು ಮೊದಲು ಕೇಳುವುದು, ಯಾವ ಮಾದರಿಯಲ್ಲಿ ನೀರು ಬೇಗ ಕುದಿಯುತ್ತದೆ ಎಂದು. ನನ್ನ ಮಟ್ಟಿಗೆ ಅದು ಆಮೇಲಿನ ಪ್ರಶ್ನೆ. ನಿಮ್ಮ ಪಾತ್ರೆ ಯಾವುದು, ಅದರ ತಳ ಎಷ್ಟು ಅಗಲ, ಅದರಲ್ಲಿ ಬರೀ ನೀರು ಕಾಯಿಸುತ್ತೀರೋ ಇಲ್ಲ ಅಡುಗೆಯನ್ನೇ ಮಾಡುತ್ತೀರೋ ಎಂಬುದು ಮೊದಲು ತೀರ್ಮಾನವಾಗಬೇಕು. 13 ಸೆಂ.ಮೀ. ಅಗಲದ ಪಾತ್ರೆಯಡಿ ಸೊಗಸಾಗಿ ಕೆಲಸ ಮಾಡುವ ಒಲೆಯೇ 8 ಸೆಂ.ಮೀ. ಲೋಟದಡಿ ಹೋದರೆ ಉರಿಯೆಲ್ಲ ಪಕ್ಕದಿಂದ ಮೇಲೇರಿ ಗಾಳಿಪಾಲಾಗುತ್ತದೆ. ಒಲೆ ಅದೇ, ಸ್ಪಿರಿಟ್ ಅದೇ; ಬದಲಾದದ್ದು ಪಾತ್ರೆ ಮಾತ್ರ.

ಆದ್ದರಿಂದ ಕತ್ತರಿ ಕೈಗೆತ್ತಿಕೊಳ್ಳುವ ಮೊದಲು ಪಾತ್ರೆಯ ತಳಕ್ಕೆ ಅಳತೆಪಟ್ಟಿ ಹಿಡಿಯಿರಿ. 11 ಸೆಂ.ಮೀ.ಗಿಂತ ಹೆಚ್ಚಿದ್ದರೆ ಅಗಲ, 10ಕ್ಕಿಂತ ಕಡಿಮೆಯಿದ್ದರೆ ಕಿರಿದು ಎಂದು ಇಟ್ಟುಕೊಳ್ಳಿ. ಮುಂದೆ ಹೇಳುವ ಹೋಲಿಕೆಯೆಲ್ಲ ಈ ಅಳತೆಯ ಮೇಲೆ ನಿಂತಿದೆ.

ಒಲೆಯೊಳಗೆ ನಡೆಯುವುದೇನು

ಸ್ಪಿರಿಟ್ ದ್ರವವಾಗಿ ಉರಿಯುವುದಿಲ್ಲ. ಉರಿಯುವುದು ಅದರಿಂದ ಏಳುವ ಆವಿ. ಸ್ಪಿರಿಟ್ಟಿನಲ್ಲಿರುವ ಆಲ್ಕೋಹಾಲುಗಳಲ್ಲಿ ಎಥನಾಲ್ ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಮೆಥನಾಲ್ ಸುಮಾರು 65 ಡಿಗ್ರಿಯಲ್ಲಿ. ಹೊತ್ತಿಸಿದ ಮೇಲೆ ಉರಿಯ ಶಾಖದಲ್ಲಿ ಸ್ವಲ್ಪ ಭಾಗ ಲೋಹದ ಗೋಡೆಯ ಮೂಲಕ ಇಳಿದು ಇಂಧನಕ್ಕೆ ವಾಪಸ್ ಬರುತ್ತದೆ, ಆ ಶಾಖದಿಂದ ಇನ್ನಷ್ಟು ಆವಿ ಏಳುತ್ತದೆ. ಕ್ಯಾನಿನ ಒಲೆಯ ಎಲ್ಲ ಮಾದರಿಗಳೂ ಇದೇ ಚಕ್ರದ ಮೇಲೆ ನಡೆಯುತ್ತವೆ. ಎಷ್ಟು ಶಾಖ ಕೆಳಗೆ ಇಳಿಯುತ್ತದೆ, ಆವಿ ಎಲ್ಲಿಂದ ಹೊರಬರುತ್ತದೆ ಎಂಬ ಎರಡು ಮಾತಿನಲ್ಲಿ ಮಾತ್ರ ವ್ಯತ್ಯಾಸ. ಶಾಖ ಸಾಲದಿದ್ದರೆ ಉರಿ ಸೊರಗುತ್ತದೆ. ಹೆಚ್ಚಾದರೆ ಸ್ಪಿರಿಟ್ಟೇ ಕುದಿಯತೊಡಗಿ ಉರಿ ಭುಗಿಲೆದ್ದು, ಪಾತ್ರೆ ಶಾಖವನ್ನು ಹೀರಿಕೊಳ್ಳುವ ಮೊದಲೇ ಇಂಧನ ಖಾಲಿಯಾಗುತ್ತದೆ.

ಅಲ್ಯೂಮಿನಿಯಂ ಇಲ್ಲಿ ಹಗುರ ಎಂಬ ಕಾರಣಕ್ಕೆ ಮಾತ್ರ ಗೆದ್ದಿಲ್ಲ. ಅದು ಉಕ್ಕಿಗಿಂತ ಹಲವು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ, ಹಾಗಾಗಿ ಮೇಲಿನ ಉರಿಯ ಬಿಸಿ ಬೇಗ ತಳಕ್ಕೆ ಮುಟ್ಟುತ್ತದೆ. ತಂಪು ಪಾನೀಯದ ಕ್ಯಾನಿನ ಗೋಡೆ ಸುಮಾರು 0.1 ಮಿ.ಮೀ. ದಪ್ಪ, ಇಡೀ ಕ್ಯಾನಿನ ತೂಕ 13 ಗ್ರಾಮಿನ ಆಸುಪಾಸು. ಇಷ್ಟು ತೆಳು ಲೋಹ ಉರಿಯಲ್ಲಿ ಕರಗುವುದಿಲ್ಲವೇ ಎಂಬ ಅನುಮಾನ ಬರುವುದು ಸಹಜ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಒಳಗೆ ಸ್ಪಿರಿಟ್ ಇರುವಷ್ಟು ಹೊತ್ತು ಅದು ಗೋಡೆಯ ಶಾಖವನ್ನು ಹೀರುತ್ತಲೇ ಇರುತ್ತದೆ. ಹಾಗಾಗಿ ಒಲೆಯ ಕೆಳಭಾಗ ಸ್ಪಿರಿಟ್ ಕುದಿಯುವ ಬಿಸಿಗಿಂತ ಬಹಳ ಮೇಲೆ ಹೋಗುವುದಿಲ್ಲ.

ಒಂದು ಲೆಕ್ಕ ತಲೆಯಲ್ಲಿದ್ದರೆ ಯಾವ ಒಲೆಯನ್ನಾದರೂ ತೂಗಿ ನೋಡಬಹುದು. 20 ಡಿಗ್ರಿಯ ಅರ್ಧ ಲೀಟರ್ ನೀರನ್ನು 100 ಡಿಗ್ರಿಗೆ ತರಲು ಸುಮಾರು 167 ಕಿಲೋಜೂಲ್ ಶಾಖ ಬೇಕು. ಒಂದು ಮಿ.ಲೀ. ಎಥನಾಲ್ ಉರಿದರೆ ಸಿಗುವುದು ಸುಮಾರು 21 ಕಿಲೋಜೂಲ್. ಒಂದಿಷ್ಟೂ ಪೋಲಾಗದಿದ್ದರೆ 8 ಮಿ.ಲೀ. ಸಾಕು, ಆದರೆ ಅಂಥ ಒಲೆ ಎಲ್ಲಿಯೂ ಇಲ್ಲ. ಶಾಖದಲ್ಲಿ ಅರ್ಧದಷ್ಟು ನೀರಿಗೆ ಸೇರಿದರೆ 16 ಮಿ.ಲೀ., ಮೂರರಲ್ಲಿ ಒಂದು ಪಾಲು ಸೇರಿದರೆ 24 ಮಿ.ಲೀ. ಬೇಕು. ಅರ್ಧ ಲೀಟರಿಗೆ 15ರಿಂದ 20 ಮಿ.ಲೀ.ಯಲ್ಲಿ ಕುದಿ ಬಂದರೆ ನಿಮ್ಮ ಒಲೆ, ಪಾತ್ರೆ, ಗಾಳಿತಡೆ ಮೂರೂ ಹೊಂದಿಕೊಂಡಿವೆ ಎಂದು ತಿಳಿಯಿರಿ. 30 ದಾಟಿದರೆ ಎಲ್ಲೋ ಸೋರಿಕೆಯಿದೆ, ಮತ್ತು ಅದು ಹೆಚ್ಚಾಗಿ ಒಲೆಯಲ್ಲಿ ಅಲ್ಲ, ಸುತ್ತಲಿನ ಏರ್ಪಾಟಿನಲ್ಲಿ ಇರುತ್ತದೆ.

ತೆರೆದ ಬಟ್ಟಲು

ಕ್ಯಾನಿನ ತಳವನ್ನು 3 ಸೆಂ.ಮೀ. ಎತ್ತರಕ್ಕೆ ಕತ್ತರಿಸಿದರೆ ಒಲೆ ಸಿದ್ಧ. ತೂತಿಲ್ಲ, ಅಂಟಿಲ್ಲ. ಸ್ಪಿರಿಟ್ ಸುರಿದು ಹೊತ್ತಿಸಿ, ಮೇಲೆ ಬೇರೆಯದೇ ಸ್ಟ್ಯಾಂಡ್ ಇಟ್ಟು ಪಾತ್ರೆ ಕೂರಿಸಬೇಕು. ಬರ್ನರಿನ ಬಾಯಿಗೂ ಪಾತ್ರೆಯ ತಳಕ್ಕೂ ಸುಮಾರು 2.5ರಿಂದ 3 ಸೆಂ.ಮೀ. ಅಂತರ ಬೇಕು.

ಉರಿ ನಡುವಿನಿಂದ ಏಳುವುದರಿಂದ ಕಿರಿದಾದ ಪಾತ್ರೆಗೂ ಇದು ಒಗ್ಗುತ್ತದೆ. ಆದರೆ ಉರಿ ಸೋಮಾರಿ, ಹಳದಿ ಮಿಶ್ರಿತ, ಸಣ್ಣ ಗಾಳಿಗೂ ವಾಲುತ್ತದೆ. ಒಲೆ ಮರೆತು ಹೋದಾಗ ಐದು ನಿಮಿಷದಲ್ಲಿ ಮಾಡಿಕೊಳ್ಳಬಹುದಾದ ಆಪತ್ಕಾಲದ ಒಲೆಯಾಗಿ ಇದಕ್ಕೆ ಬೆಲೆಯಿದೆ. ದಿನಬಳಕೆಗೆ ಇದನ್ನೇ ಇಟ್ಟುಕೊಳ್ಳಲು ಕಾರಣ ಕಾಣುವುದಿಲ್ಲ, ಏಕೆಂದರೆ ಇನ್ನು ಕಾಲು ಗಂಟೆ ಕೂತರೆ ಇದಕ್ಕಿಂತ ಎಷ್ಟೋ ಮೇಲಾದದ್ದು ಕೈಗೆ ಬರುತ್ತದೆ.

ಪಕ್ಕದಲ್ಲಿ ತೂತಿನ ಒಲೆ

ಬಹುತೇಕ ಜನರಿಗೆ ನಾನು ಹೇಳುವುದು ಇದನ್ನೇ. ಬೆಕ್ಕಿನ ಆಹಾರ ತುಂಬಿ ಬರುವ 85 ಗ್ರಾಮಿನ ಗಿಡ್ಡ ಅಲ್ಯೂಮಿನಿಯಂ ಡಬ್ಬಿ, ಕಾಗದಕ್ಕೆ ತೂತು ಹಾಕುವ ಪಂಚ್, ಇಷ್ಟೇ ಸಾಮಾನು. ಜಿಮ್ ವುಡ್ ಎಂಬ ಅಮೆರಿಕದ ಚಾರಣಿಗ ಇದನ್ನು ‘ಸೂಪರ್ ಕ್ಯಾಟ್’ ಎಂಬ ಹೆಸರಿನಲ್ಲಿ ವಿವರವಾಗಿ ಬರೆದು ಹಂಚಿದ ಮೇಲೆ ಚಾರಣಿಗರ ನಡುವೆ ಮನೆಮಾತಾಯಿತು.

ಮಾಡುವ ರೀತಿ ಸರಳ. ಡಬ್ಬಿಯನ್ನು ತೊಳೆದು, ಒಳಗಿನ ಅಂಚು ಹರಿತವಾಗಿದ್ದರೆ ಇಕ್ಕಳದಿಂದ ಒತ್ತಿ ಮಡಚಿ. ಬಾಯಿಯ ಅಂಚಿನ ಕೆಳಗೆ ಸುತ್ತಲೂ 6 ಮಿ.ಮೀ. ತೂತುಗಳ ಒಂದು ಸಾಲು ಹಾಕಿ. ಅದರ ಕೆಳಗೆ ಎರಡನೆಯ ಸಾಲು, ಮೇಲಿನ ಎರಡು ತೂತುಗಳ ನಡುವಿನ ಜಾಗಕ್ಕೆ ಕೆಳಗಿನ ತೂತು ಬರುವಂತೆ. ತೂತು ತೂತಿನ ನಡುವೆ ಕನಿಷ್ಠ 3 ಮಿ.ಮೀ. ಲೋಹ ಉಳಿಯಬೇಕು. ಇದಕ್ಕಿಂತ ಕಡಿಮೆಯಾದರೆ ತುಂಬಿದ ಪಾತ್ರೆ ಇಟ್ಟಾಗ ಡಬ್ಬಿಯ ಸೊಂಟ ಕುಸಿಯುತ್ತದೆ. ಪಂಚ್ ಒತ್ತುವಾಗ ಲೋಹ ಒಳಕ್ಕೆ ಸ್ವಲ್ಪ ಬಾಗುತ್ತದೆ. ಒಂದು ಬಿಟ್ಟು ಒಂದರಂತೆ ಎದುರುಬದುರು ಹಾಕುತ್ತ ಹೋದರೆ ಡಬ್ಬಿ ದುಂಡಗೆ ಉಳಿಯುತ್ತದೆ.

ಇದರ ಚಂದವೆಂದರೆ ಪಾತ್ರೆ ಒಲೆಯ ಮೇಲೆಯೇ ಕೂರುತ್ತದೆ, ಬೇರೆ ಸ್ಟ್ಯಾಂಡ್ ಬೇಡ. ಸ್ಪಿರಿಟ್ ಸುರಿದು ಹೊತ್ತಿಸಿದ ಕೂಡಲೇ ಇದು ತೆರೆದ ಬಟ್ಟಲಿನಂತೆಯೇ ಉರಿಯುತ್ತದೆ. ಅರ್ಧ ನಿಮಿಷ ಕಾಯಬೇಕು. ಸ್ಪಿರಿಟ್ಟಿನ ಮೇಲ್ಮೈಯಲ್ಲಿ ಸಣ್ಣ ಗುಳ್ಳೆ ಕಾಣತೊಡಗಿದಾಗ ಪಾತ್ರೆ ಇಟ್ಟರೆ ಬಾಯಿ ಮುಚ್ಚಿಹೋಗಿ, ಆವಿಗೆ ಪಕ್ಕದ ತೂತುಗಳೇ ದಾರಿಯಾಗುತ್ತವೆ. ಆಗ ಸುತ್ತಲೂ ನೀಲಿ ನಾಲಗೆಗಳು ಹೊರಚಾಚಿ ಪಾತ್ರೆಯ ತಳವನ್ನು ನೆಕ್ಕುತ್ತ ಮೇಲೇರುತ್ತವೆ. ಬೇಗ ಇಟ್ಟರೆ ಉಸಿರುಗಟ್ಟಿ ಆರಿಹೋಗುತ್ತದೆ. ಹೊಸಬರು ಇದನ್ನು ಒಲೆಯ ದೋಷವೆಂದು ತಿಳಿಯುತ್ತಾರೆ. ಇನ್ನು ಹತ್ತು ಸೆಕೆಂಡು ತಾಳಿದರೆ ಎಲ್ಲ ಸರಿಹೋಗುತ್ತದೆ. ಗಾಳಿ ಇಲ್ಲದ ಜಾಗದಲ್ಲಿ ಅರ್ಧ ಲೀಟರ್ ನೀರಿಗೆ ಆರರಿಂದ ಎಂಟು ನಿಮಿಷ ಹಿಡಿಯುತ್ತದೆ.

ಕೊರತೆ ಎರಡು. ಉರಿ ಡಬ್ಬಿಯ ಪಕ್ಕದಿಂದ ಹೊರಗೆ ಬರುವುದರಿಂದ ಕಿರಿದಾದ ಲೋಟಕ್ಕೆ ಇದು ಒಗ್ಗದು. ಎರಡನೆಯದು, ಸುಮಾರು 6 ಸೆಂ.ಮೀ. ಅಗಲದ ಡಬ್ಬಿಯ ಮೇಲೆ ಒಂದು ಲೀಟರ್ ನೀರಿನ ಪಾತ್ರೆ ಇಟ್ಟರೆ ತಲೆಭಾರವಾಗುತ್ತದೆ. ನೆಲ ಸಮತಟ್ಟಾಗಿಲ್ಲದಿದ್ದರೆ ಪಾತ್ರೆಯ ಹಿಡಿಯ ಭಾರಕ್ಕೇ ವಾಲಬಹುದು. ಸ್ಪಿರಿಟ್ ಕೆಳಸಾಲಿನ ತೂತು ಮುಟ್ಟುವಷ್ಟು ಸುರಿಯಲೂಬಾರದು. ಒಮ್ಮೆಗೆ 30 ಮಿ.ಲೀ. ಸಾಕು.

ಸಣ್ಣ ಉರಿಯ ಅಡುಗೆ ಬೇಕೆಂದರೆ ಅದೇ ಡಬ್ಬಿಯ ಇನ್ನೊಂದು ಪ್ರತಿ ಮಾಡಿ, ಅದಕ್ಕೆ ಒಂದೇ ಸಾಲಿನ ಐದಾರು ತೂತು ಮಾತ್ರ ಹಾಕಿ. ಎರಡೂ ಸೇರಿದರೂ ತೂಕ ತೀರಾ ಕಡಿಮೆ. ಒಂದು ಕುದಿಸಲು, ಒಂದು ಬೇಯಿಸಲು. ಒಂದೇ ಒಲೆಯಲ್ಲಿ ಎರಡನ್ನೂ ಸಾಧಿಸಲು ಹೆಣಗುವುದಕ್ಕಿಂತ ಇದು ವಾಸಿ.

ಎರಡು ಗೋಡೆಯ ಒಲೆ

ಪಾನೀಯದ ಕ್ಯಾನಿನ ಒಲೆ ಎಂದಾಗ ಹೆಚ್ಚಿನವರ ಕಣ್ಣಮುಂದೆ ಬರುವುದು ಇದು: ಎರಡು ಕ್ಯಾನುಗಳ ತಳಗಳನ್ನು ಒಂದರೊಳಗೊಂದು ಕೂರಿಸಿ, ನಡುವೆ ಒಳಗೋಡೆಯೊಂದನ್ನು ಸುತ್ತಿ, ಮೇಲಂಚಿಗೆ ಸೂಜಿತೂತುಗಳ ಮಾಲೆ. ಸ್ವೀಡನ್ನಿನ ಟ್ರಾಂಗಿಯಾ ಕಂಪನಿ (ಶುರುವಾದದ್ದು 1925ರಲ್ಲಿ) ಹಿತ್ತಾಳೆಯಲ್ಲಿ ಮಾಡುವ ಹೆಸರಾಂತ ಬರ್ನರಿನ ತತ್ವವೂ ಇದೇ. ಆ ಹಿತ್ತಾಳೆಯ ಬರ್ನರ್ ನೂರು ಗ್ರಾಮ್ ಮೀರುತ್ತದೆ, ನಿಮ್ಮ ಕ್ಯಾನಿನದು ಹದಿನೈದರ ಒಳಗೆ ಬರುತ್ತದೆ. ಆದರೆ ಹಿತ್ತಾಳೆಯದಕ್ಕೆ ಉರಿ ತಗ್ಗಿಸುವ ಮುಚ್ಚಳ ಇದೆ, ಉಳಿದ ಸ್ಪಿರಿಟ್ಟನ್ನು ತಣ್ಣಗಾದ ಮೇಲೆ ಅದರಲ್ಲೇ ಮುಚ್ಚಿಡುವ ತಿರುಪಿನ ಬಿರಡೆ ಇದೆ, ಮತ್ತು ಅದು ಕಾಲಿಗೆ ಸಿಕ್ಕರೆ ಅಪ್ಪಚ್ಚಿಯಾಗುವುದಿಲ್ಲ. ಈ ಮೂರು ಅನುಕೂಲ ನಿಮಗೆ ಮುಖ್ಯವೆನಿಸಿದರೆ ಕ್ಯಾನು ಕತ್ತರಿಸುವ ಬದಲು ಅದನ್ನೇ ಕೊಳ್ಳುವುದು ಜಾಣತನ.

ಎರಡು ಗೋಡೆಯ ಒಲೆಯಲ್ಲಿ ಸ್ಪಿರಿಟ್ಟನ್ನು ನಡುವಿನ ಬಾವಿಗೆ, ಅಂದರೆ ಒಳಗೋಡೆ ಸುತ್ತುವರಿದ ತೆರೆದ ಜಾಗಕ್ಕೆ, ಸುರಿಯುತ್ತೇವೆ. ಒಳಗೋಡೆಯ ಕೆಳಗಿರುವ ಕಚ್ಚುಗಳಿಂದ ಅದು ಎರಡು ಗೋಡೆಗಳ ನಡುವಿನ ಸಂದಿಗೆ ನುಸುಳುತ್ತದೆ. ನಡುವಿನ ಉರಿ ಗೋಡೆಯನ್ನು ಕಾಯಿಸಿದಾಗ ಸಂದಿಯಲ್ಲಿರುವ ಸ್ಪಿರಿಟ್ ಆವಿಯಾಗಿ, ಬೇರೆ ದಾರಿಯಿಲ್ಲದೆ ಸೂಜಿತೂತುಗಳಿಂದ ನುಗ್ಗುತ್ತದೆ. ಹೊತ್ತಿಸಿ ಅರ್ಧದಿಂದ ಒಂದು ನಿಮಿಷದಲ್ಲಿ ತೂತುಗಳ ಸುತ್ತ ನೀಲಿ ಉರಿಯ ಕಿರೀಟ ಮೂಡುತ್ತದೆ. ಅದನ್ನು ನೋಡುವ ಖುಷಿಗೇ ಇದನ್ನು ಮಾಡುವವರಿದ್ದಾರೆ, ಅದರಲ್ಲಿ ತಪ್ಪೇನಿಲ್ಲ.

ಕತ್ತರಿಸುವ ಕೆಲಸದಲ್ಲೇ ಒಲೆಯ ಹಣೆಬರಹ ತೀರ್ಮಾನವಾಗುತ್ತದೆ. ಕತ್ತರಿಯಿಂದ ನೇರ ಗೆರೆ ಬರುವುದಿಲ್ಲ. ದಪ್ಪ ಪುಸ್ತಕವೊಂದರ ಹಾಳೆಗಳ ನಡುವೆ ಬೇಕಾದ ಎತ್ತರಕ್ಕೆ ಬ್ಲೇಡ್ ಸಿಕ್ಕಿಸಿ, ತುದಿ ಮಾತ್ರ ಹೊರಗೆ ಕಾಣುವಂತೆ ಬಿಗಿಯಾಗಿಡಿ. ಕ್ಯಾನನ್ನು ಆ ತುದಿಗೆ ಮೆಲ್ಲಗೆ ಒತ್ತಿ ತಿರುಗಿಸುತ್ತ ಹೋಗಿ. ಒಂದೇ ಸಲಕ್ಕೆ ಕತ್ತರಿಸುವ ಆತುರ ಬೇಡ. ಹತ್ತಾರು ಸುತ್ತಿಗೆ ಗೆರೆ ಆಳವಾಗಿ, ಹೆಬ್ಬೆರಳಿನಿಂದ ಗೆರೆಯ ಮೇಲೆ ಒತ್ತಿದರೆ ಟಕ್ಕನೆ ಬಿಟ್ಟುಕೊಂಡು ಸುತ್ತಲೂ ಹರಿಯುತ್ತದೆ. ಅಂಚು ಕೂದಲೆಳೆಯಷ್ಟೂ ಓರೆಯಾಗದೆ ಬರುತ್ತದೆ. ಆಮೇಲೆ ನಯವಾದ ಸ್ಯಾಂಡ್‌ಪೇಪರ್ ಆಡಿಸಿ. ಈ ಕೆಲಸಕ್ಕೆಲ್ಲ ದಪ್ಪ ಕೈಗವಸು ಹಾಕಲೇಬೇಕು, ಕ್ಯಾನಿನ ಹಸಿ ಅಂಚು ಬ್ಲೇಡಿಗಿಂತ ಕಡಿಮೆಯಲ್ಲ.

ತೂತುಗಳನ್ನು ಜೋಡಿಸುವ ಮೊದಲೇ ಹಾಕಿಬಿಡಿ. ಸುಮಾರು 1 ಮಿ.ಮೀ.ನ 16ರಿಂದ 24 ತೂತು ಸಾಕು. ತೂತು ಕಡಿಮೆಯಾದರೆ ಆವಿ ರಭಸದಿಂದ ಹೊರಬಿದ್ದು ಉರಿ ತೂತಿನಿಂದ ಕಿತ್ತುಕೊಂಡು ಆರುತ್ತದೆ. ತೀರಾ ಹೆಚ್ಚಾದರೆ ಅಥವಾ ದೊಡ್ಡದಾದರೆ ಒತ್ತಡವೇ ಹುಟ್ಟದೆ ಉರಿ ಜೋಲುತ್ತದೆ. ಪಾತ್ರೆ ಕಿರಿದಾಗಿದ್ದರೆ ತೂತುಗಳನ್ನು ಅಂಚಿನ ಒಳಬದಿಗೆ, ಮೇಲ್ಮುಖವಾಗಿ ಹಾಕಿ. ಅಗಲವಾಗಿದ್ದರೆ ಹೊರಬದಿಗೆ ಸ್ವಲ್ಪ ಸರಿಸಿ. ಉರಿಯ ಅಗಲವನ್ನು ಪಾತ್ರೆಗೆ ತಕ್ಕಂತೆ ಹೀಗೆ ತೂತಿನ ಜಾಗದಿಂದಲೇ ಹೊಂದಿಸಿಕೊಳ್ಳಬಹುದು ಎಂಬುದು ಈ ಮಾದರಿಯ ನಿಜವಾದ ಬಲ. ಪಾನೀಯದ ಸಾಮಾನ್ಯ ಕ್ಯಾನು 66 ಮಿ.ಮೀ. ಅಗಲ, ಸಪೂರ ಕ್ಯಾನು 53 ಮಿ.ಮೀ. ಅಗಲ. ಲೋಟ ಬಳಸುವವರು ಸಪೂರ ಕ್ಯಾನನ್ನೇ ಆರಿಸಿಕೊಳ್ಳಿ, ಉರಿಯ ಉಂಗುರ ತಾನಾಗಿಯೇ ಚಿಕ್ಕದಾಗುತ್ತದೆ.

ಎರಡು ತಳಗಳೂ ಒಂದೇ ಅಳತೆಯವಾದ್ದರಿಂದ ಒಂದು ಇನ್ನೊಂದರೊಳಗೆ ಸುಲಭವಾಗಿ ಇಳಿಯುವುದಿಲ್ಲ. ಕೆಳಗಿನದಕ್ಕೆ ತುಂಬಿದ, ತೆರೆಯದ ಕ್ಯಾನೊಂದನ್ನು ತಿರುಗಿಸುತ್ತ ಒತ್ತಿ ಬಾಯಿ ಹಿಗ್ಗಿಸಬೇಕು. ಇಲ್ಲವೇ ಮೇಲಿನದರ ಅಂಚನ್ನು ಇಕ್ಕಳದಿಂದ ಅಲ್ಲಲ್ಲಿ ನೆರಿಗೆಯಾಗಿ ಒತ್ತಬೇಕು. ಕ್ಯಾನು ಹರಿಯುವುದು ಇಲ್ಲೇ. ತಾಳ್ಮೆ ಬೇಕು, ಎರಡು ಮೂರು ಕ್ಯಾನು ಹೆಚ್ಚಿಗೆ ಇಟ್ಟುಕೊಂಡೇ ಕೂರಬೇಕು. ಜೋಡಿಸಿದ ಮೇಲೆ ಎರಡೂ ಕೂಡುವ ಗೆರೆಗೆ ಶಾಖ ತಡೆಯುವ ಎಪಾಕ್ಸಿ ಅಂಟು ಹಚ್ಚಬಹುದು. ಬಿಗಿಯಾಗಿ ಕೂತಿದ್ದರೆ ಅದೂ ಬೇಡ.

ಇದಕ್ಕೆ ಸ್ಟ್ಯಾಂಡ್ ಬೇಕು. ಹೊರಮೈಯಲ್ಲಿ ತೂತಿರುವ ಕೆಲವು ರೂಪಗಳ ಮೇಲೆ ನೇರವಾಗಿ ಪಾತ್ರೆ ಇಡುವುದುಂಟು, ಆದರೆ ಮೇಲ್ಮುಖ ತೂತಿನದಕ್ಕೆ ಅದು ಸಾಧ್ಯವಿಲ್ಲ. ಅರ್ಧ ಲೀಟರಿಗೆ ಐದರಿಂದ ಏಳು ನಿಮಿಷ. ಪಕ್ಕದ ತೂತಿನ ಒಲೆಗಿಂತ ಒಂದು ನಿಮಿಷ ಬೇಗ ಎನ್ನಿ. ಆ ಒಂದು ನಿಮಿಷಕ್ಕಾಗಿ ಮಾಡುವ ಕೆಲಸ ಮಾತ್ರ ಹತ್ತು ಪಟ್ಟು ಹೆಚ್ಚು. ಕಿರಿದಾದ ಪಾತ್ರೆ ಇರುವವರಿಗೂ ಕೈಕೆಲಸದ ಪ್ರೀತಿ ಇರುವವರಿಗೂ ಇದು ಸರಿ. ನಾಳೆ ಬೆಳಿಗ್ಗೆ ಬೆಟ್ಟ ಹತ್ತಬೇಕು, ಇವತ್ತು ಸಂಜೆ ಒಲೆ ಬೇಕು ಎನ್ನುವವರು ಇದರ ಗೊಡವೆಗೆ ಹೋಗಬೇಡಿ.

ನಾಣ್ಯದ ಒಲೆ

ಮಾರ್ಕ್ ಜ್ಯೂರಿ ಎಂಬವರು ಜನಪ್ರಿಯಗೊಳಿಸಿದ ಪೆನ್ನಿ ಸ್ಟೋವ್‌ನಲ್ಲಿ ನಡುವಿನ ಬಾವಿಯೇ ಇಲ್ಲ. ಮೇಲ್ಭಾಗದ ತಗ್ಗಿನಲ್ಲಿ ಸ್ಪಿರಿಟ್ ಸುರಿಯುವ ತೂತಿದ್ದು, ಅದರ ಮೇಲೆ ಒಂದು ನಾಣ್ಯ ಇಡುತ್ತಾರೆ. ಒಳಗೆ ಆವಿ ಹುಟ್ಟಿದಾಗ ನಾಣ್ಯದ ಭಾರ ಅದನ್ನು ತಡೆಯುತ್ತದೆ, ಆವಿ ಅಂಚಿನ ತೂತುಗಳಿಂದ ಹೊರಡುತ್ತದೆ. ಒತ್ತಡ ಮಿತಿ ಮೀರಿದರೆ ನಾಣ್ಯ ತಾನೇ ಮೇಲೆದ್ದು ದಾರಿ ಬಿಡುತ್ತದೆ. ಇಷ್ಟು ಸರಳವಾದ ಸುರಕ್ಷಾ ಕವಾಟವನ್ನು ಯೋಚಿಸಿದವರಿಗೆ ಕೈ ಮುಗಿಯಬೇಕು. ಆರಂಭದ ಶಾಖಕ್ಕಾಗಿ ನಾಣ್ಯದ ಸುತ್ತಲಿನ ತಗ್ಗಿನಲ್ಲೇ ಸ್ವಲ್ಪ ಸ್ಪಿರಿಟ್ ಬಿಟ್ಟು ಹೊತ್ತಿಸುತ್ತಾರೆ. ಉರಿ ಹದವಾಗಿ, ನಿಧಾನವಾಗಿ, ಹೆಚ್ಚು ಹೊತ್ತು ನಡೆಯುತ್ತದೆ. ಮಿತವ್ಯಯದಲ್ಲಿ ಇದು ಒಳ್ಳೆಯ ಒಲೆ.

ಆದರೂ ಮೊದಲ ಒಲೆಯಾಗಿ ಇದನ್ನು ಯಾರಿಗೂ ಹೇಳಲಾರೆ. ಎರಡು ಭಾಗ ಕೂಡುವ ಗೆರೆ ಬಿಗಿಯಾಗಿರದಿದ್ದರೆ ತೂತಿನ ಬದಲು ಗೆರೆಯಲ್ಲೇ ಉರಿ ಹೊತ್ತಿಕೊಳ್ಳುತ್ತದೆ. ನಾಣ್ಯವನ್ನೂ ತೆಗೆದು ತಿರುಪಿನಿಂದ ಪೂರ್ತಿ ಮುಚ್ಚುವ ರೂಪಗಳೂ ಇವೆ. ಅವನ್ನು ಮಾಡಬೇಡಿ. ಆವಿಗೆ ದಾರಿಯಿಲ್ಲದ, 0.1 ಮಿ.ಮೀ. ಗೋಡೆಯ ಡಬ್ಬಿಯೊಳಗೆ ಕುದಿಯುವ ಇಂಧನ ಇಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಒಳಗೆ ಹೀರುಬತ್ತಿ ತುಂಬಿದ ಒಲೆ

ಗಿಡ್ಡ ಡಬ್ಬಿಯೊಳಗೆ ಕಾರ್ಬನ್ ಫೆಲ್ಟ್ (ಇಂಗಾಲದ ನಾರಿನ ದಪ್ಪ ಬಟ್ಟೆ) ಅಥವಾ ಗಾಜಿನ ನಾರಿನ ಬತ್ತಿಯನ್ನು ತುಂಬಿ, ಮೇಲೆ ತಂತಿಬಲೆ ಮುಚ್ಚಿದರೆ ಸ್ಪಿರಿಟ್ ಅದರಲ್ಲಿ ಹೀರಿಕೊಂಡು ಕೂರುತ್ತದೆ. ಒಲೆ ಮಗುಚಿದರೂ ಉರಿಯುವ ದ್ರವ ಹೊಳೆಯಾಗಿ ಹರಿಯುವುದಿಲ್ಲ. ವೇಗದಲ್ಲಿ ಇದು ಹಿಂದೆ, ಆದರೆ ಅಲುಗಾಡುವ ಜಾಗದಲ್ಲಿ, ಗುಂಪಿನ ನಡುವೆ, ಅನುಭವವಿಲ್ಲದವರ ಜೊತೆಗೆ ಬಳಸುವಾಗ ಉಳಿದೆಲ್ಲ ಮಾದರಿಗಿಂತ ನೆಮ್ಮದಿ. ಗಾಜಿನ ನಾರು ಕತ್ತರಿಸುವಾಗ ಮೂಗು ಬಾಯಿ ಮುಚ್ಚಿಕೊಳ್ಳಿ. ಹತ್ತಿ ಬಳಸಿದರೆ ಸ್ಪಿರಿಟ್ ಮುಗಿದ ಕೂಡಲೇ ಅದೇ ಉರಿಯುತ್ತದೆ, ಹಾಗಾಗಿ ಬೇಡ.

ಯಾವ ಸ್ಪಿರಿಟ್?

ಒಲೆಯ ಮಾದರಿಗಿಂತ ಇಂಧನದ ಆಯ್ಕೆಯಲ್ಲಿ ಎಡವಿದರೆ ಪೆಟ್ಟು ದೊಡ್ಡದು.

ಎಥನಾಲ್ ಹೆಚ್ಚಿರುವ ಸ್ಪಿರಿಟ್ ಎಲ್ಲಕ್ಕಿಂತ ಒಳ್ಳೆಯದು. ನೀಲಿ ಉರಿ, ಮಸಿಯಿಲ್ಲ, ಒಂದು ಕೆ.ಜಿ.ಗೆ ಸುಮಾರು 27 ಮೆಗಾಜೂಲ್ ಶಾಖ. ಕುಡಿಯದಿರಲೆಂದು ಬೆರಕೆ ಮಾಡಿದ ಡಿನೇಚರ್ಡ್ ಸ್ಪಿರಿಟ್ಟಿನಲ್ಲಿ ಎಥನಾಲ್ ಜೊತೆ ಮೆಥನಾಲ್ ಇರುವುದು ಸಾಮಾನ್ಯ. ಎಷ್ಟಿದೆ ಎಂಬುದನ್ನು ಬಾಟಲಿಯ ಚೀಟಿಯಲ್ಲಿ ಓದಿಕೊಳ್ಳಿ, ಎಥನಾಲ್ ಹೆಚ್ಚಿರುವುದನ್ನು ಆರಿಸಿ.

ಶುದ್ಧ ಮೆಥನಾಲ್ ಒಲೆಯ ದೃಷ್ಟಿಯಿಂದ ಸಲೀಸು. ಚಳಿಯಲ್ಲೂ ಬೇಗ ಹೊತ್ತಿಕೊಳ್ಳುತ್ತದೆ, ಚೊಕ್ಕವಾಗಿ ಉರಿಯುತ್ತದೆ. ಆದರೆ ಕೆ.ಜಿ.ಗೆ ಸುಮಾರು 20 ಮೆಗಾಜೂಲ್ ಮಾತ್ರ ಕೊಡುವುದರಿಂದ ಅದೇ ನೀರಿಗೆ ಮೂರನೇ ಒಂದು ಭಾಗ ಹೆಚ್ಚು ಇಂಧನ ಹೊರಬೇಕು. ಅದಕ್ಕಿಂತ ಮುಖ್ಯವಾಗಿ, ಅದು ವಿಷ. ಕುಡಿದರೆ ಕಣ್ಣಿನ ನರ ಹಾಳಾಗುತ್ತದೆ, ಜೀವವೂ ಹೋಗುತ್ತದೆ. ಆವಿಯಾಗಿ ಉಸಿರಿನಿಂದಲೂ, ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ನೋಡಲು ನೀರಿನಂತೆಯೇ ಇರುವ ಇದನ್ನು ನೀರಿನ ಬಾಟಲಿಯಲ್ಲಿ ತುಂಬಿ ಚೀಲಕ್ಕೆ ಹಾಕಿಕೊಳ್ಳುವುದು ಅಕ್ಷಮ್ಯ. ಯಾವ ಸ್ಪಿರಿಟ್ಟೇ ಆದರೂ ಬಾಟಲಿಯ ಆಕಾರ ಬೇರೆ ಇರಲಿ, ಕತ್ತಲಲ್ಲಿ ಕೈಗೆ ತಿಳಿಯುವಂತೆ ಸುತ್ತ ಟೇಪ್ ಇರಲಿ, ಮೇಲೆ ದಪ್ಪಕ್ಷರದಲ್ಲಿ ‘ವಿಷ’ ಎಂದಿರಲಿ.

ಐಸೊಪ್ರೊಪೈಲ್ ಆಲ್ಕೋಹಾಲ್ ಹಳದಿ ಉರಿಯಿಂದ ಉರಿದು ಪಾತ್ರೆಗೆ ಮಸಿ ಹಿಡಿಸುತ್ತದೆ. 70 ಶೇಕಡಾದ್ದು ಇನ್ನೂ ಕಷ್ಟ, ಉಳಿದ 30 ಭಾಗ ನೀರು ತಳದಲ್ಲಿ ನಿಂತು ಉರಿಯನ್ನು ಎಳೆದು ಸಾಯಿಸುತ್ತದೆ. ಕೈ ಶುಚಿಗೊಳಿಸುವ ಜೆಲ್ ಈ ಒಲೆಗಳಿಗಲ್ಲ. ಪೆಟ್ರೋಲ್, ಸೀಮೆಎಣ್ಣೆಗಳನ್ನು ಇವುಗಳ ಹತ್ತಿರಕ್ಕೂ ತರಬೇಡಿ.

ಚಳಿಯ ಮಾತು ಬಂತು. ಕಿಡಿ ತಾಗಿದೊಡನೆ ಹೊತ್ತುವಷ್ಟು ಆವಿ ಏಳಬೇಕಾದರೆ ಎಥನಾಲ್ ಸುಮಾರು 13ರಿಂದ 17 ಡಿಗ್ರಿ ಬೆಚ್ಚಗಿರಬೇಕು. ಹಿಮ ಬೀಳುವ ಜಾಗದಲ್ಲಿ ಬಾಟಲಿಯನ್ನು ಗಟ್ಟಿಯಾಗಿ ಮುಚ್ಚಿ ಜಾಕೆಟ್ಟಿನ ಒಳಜೇಬಿನಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡರೆ ತಕರಾರಿಲ್ಲದೆ ಹೊತ್ತಿಕೊಳ್ಳುತ್ತದೆ. ಒಲೆಯನ್ನೂ ತಣ್ಣನೆಯ ಕಲ್ಲಿನ ಮೇಲೆ ನೇರವಾಗಿ ಇಡದೆ ಕೆಳಗೊಂದು ತೆಳು ತಗಡು, ಅದರ ಕೆಳಗೆ ಶಾಖ ಬಿಟ್ಟುಕೊಡದ ವಸ್ತು ಇರಲಿ.

ಸ್ಟ್ಯಾಂಡ್ ಮತ್ತು ಗಾಳಿತಡೆ

ಒಲೆಯ ತೂತು ಎಣಿಸುತ್ತ ಗಂಟೆಗಟ್ಟಲೆ ಕಳೆಯುವವರು ಗಾಳಿತಡೆಯನ್ನು ಕೊನೆಗೆ ಹೇಗೋ ಸುತ್ತಿ ಮುಗಿಸುತ್ತಾರೆ. ಇದು ತಲೆಕೆಳಗಾದ ಲೆಕ್ಕ. ಸ್ಪಿರಿಟ್ಟಿನ ಉರಿ ಮೃದು, ಮೆಲುಗಾಳಿಗೂ ಪಾತ್ರೆಯಡಿಯಿಂದ ಸರಿದುಬಿಡುತ್ತದೆ. ಗಾಳಿತಡೆ ಇಲ್ಲದ ಉತ್ತಮ ಒಲೆಗಿಂತ ಗಾಳಿತಡೆ ಇರುವ ತೆರೆದ ಬಟ್ಟಲು ಮೇಲು.

ದಪ್ಪ ಅಲ್ಯೂಮಿನಿಯಂ ಹಾಳೆಯನ್ನು ಪಾತ್ರೆಯ ಸುತ್ತ ಬರುವಷ್ಟು ಉದ್ದಕ್ಕೆ ಕತ್ತರಿಸಿ, ಪಾತ್ರೆಯ ಮೂರನೇ ಎರಡು ಭಾಗದಷ್ಟು ಮೇಲೆ ಬರುವಂತೆ ಸುತ್ತಿ. ಪಾತ್ರೆಗೂ ಹಾಳೆಗೂ ನಡುವೆ 6ರಿಂದ 10 ಮಿ.ಮೀ. ಸಂದಿ ಇರಲಿ, ಪಕ್ಕದಿಂದ ಉರಿಯುವ ಒಲೆಗೆ ಒಂದು ಬೆರಳಿನಷ್ಟು ಬಿಡಿ. ಬುಡದಲ್ಲಿ ಗಾಳಿ ಒಳಬರಲು ಸಾಲು ತೂತು ಬೇಕು, ಗಾಳಿ ಬೀಸುವ ದಿಕ್ಕಿಗೆ ಬೆನ್ನಾಗಿರುವ ಕಡೆ ಹೆಚ್ಚು. ತೀರಾ ಬಿಗಿಯಾಗಿ ಸುತ್ತಿದರೆ ಎರಡು ಕೇಡು: ಉರಿಗೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ, ಮತ್ತು ಹಾಳೆಯಿಂದ ಮರಳಿದ ಶಾಖ ಒಲೆಯನ್ನು ಕಾಯಿಸಿ ಸ್ಪಿರಿಟ್ ಕುದಿದು ಉರಿ ಹತೋಟಿ ತಪ್ಪುತ್ತದೆ. ಎರಡು ಗೋಡೆಯ ಒಲೆಯಲ್ಲಿಯೂ ನಾಣ್ಯದ ಒಲೆಯಲ್ಲಿಯೂ ಈ ಎರಡನೆಯ ತೊಂದರೆ ಬೇಗ ಕಾಣಿಸಿಕೊಳ್ಳುತ್ತದೆ.

ಸ್ಟ್ಯಾಂಡ್ ಎಂದರೆ ಮೂರು ಮೊಳೆಯೋ, ಬಾಗಿಸಿದ ದಪ್ಪ ತಂತಿಯೋ, ಎರಡೂ ಬದಿ ತೆರೆದು ಗಾಳಿಗೆ ದೊಡ್ಡ ಕಿಟಕಿ ಕೊರೆದ ಉಕ್ಕಿನ ಡಬ್ಬಿಯೋ ಆಗಬಹುದು. ಅದರ ಕಾಲುಗಳ ಅಗಲ ಒಲೆಯ ಅಗಲಕ್ಕಿಂತ ಹೆಚ್ಚಿರಲಿ. ಉಕ್ಕಿನ ಡಬ್ಬಿಯ ಸ್ಟ್ಯಾಂಡ್ ನನಗೆ ಹೆಚ್ಚು ಇಷ್ಟ, ಏಕೆಂದರೆ ಅದೇ ಗಾಳಿತಡೆಯ ಅರ್ಧ ಕೆಲಸವನ್ನೂ ಮಾಡಿಕೊಡುತ್ತದೆ.

ಬೆಂಕಿಯ ವಿಷಯದಲ್ಲಿ ರಾಜಿಯಿಲ್ಲ

ಹಗಲಿನ ಬೆಳಕಿನಲ್ಲಿ ಸ್ಪಿರಿಟ್ಟಿನ ಉರಿ ಕಣ್ಣಿಗೆ ಕಾಣುವುದೇ ಇಲ್ಲ. ಆರಿತೆಂದು ತಿಳಿದು ಮತ್ತೆ ಸ್ಪಿರಿಟ್ ಸುರಿದಾಗ ಉರಿ ಧಾರೆಯನ್ನು ಹಿಡಿದು ಬಾಟಲಿಗೇ ಏರುತ್ತದೆ, ಬಾಟಲಿಯಿಂದ ಬೆಂಕಿ ಚಿಮ್ಮುತ್ತದೆ. ಈ ಒಲೆಗಳ ಕೆಟ್ಟ ಅಪಘಾತಗಳು ಆಗುವುದು ಹೀಗೆ. ಮುಚ್ಚಳದಂತೆ ಕೂರುವ ದೊಡ್ಡ ಡಬ್ಬಿಯೊಂದನ್ನು ಒಲೆಯ ಮೇಲೆ ಕವುಚಿ, ಅದನ್ನು ಮುಟ್ಟುವಷ್ಟು ತಣ್ಣಗಾದ ಮೇಲೆಯೇ ಮತ್ತೆ ತುಂಬಿ. ಉರಿ ಆರಿಸಲೂ ಅದೇ ಡಬ್ಬಿ, ಊದಿ ಆರಿಸಬೇಡಿ. ಪ್ರತಿ ಸಲವೂ ಬೇಕಾದಷ್ಟನ್ನು ಮಾತ್ರ ಅಳೆದು ಸುರಿದು, ಬಾಟಲಿಯನ್ನು ಮುಚ್ಚಿ ದೂರ ಇಟ್ಟ ಮೇಲೆ ಕಡ್ಡಿ ಗೀರಿ.

ಟೆಂಟಿನೊಳಗೆ, ಮುಚ್ಚಿದ ಕೋಣೆಯಲ್ಲಿ ಇವು ಬೇಡವೇ ಬೇಡ. ಒಣ ಹುಲ್ಲು, ತರಗೆಲೆ ಇರುವಲ್ಲಿ ಬರೀ ನೆಲ ಕಾಣುವವರೆಗೆ ಗುಡಿಸಿಕೊಳ್ಳಿ. ಕಾಡ್ಗಿಚ್ಚಿನ ಭಯಕ್ಕೆ ಬೆಂಕಿ ನಿರ್ಬಂಧ ಇರುವ ಜಾಗಗಳಲ್ಲಿ ಕವಾಟ ತಿರುಗಿಸಿ ಆರಿಸಬಲ್ಲ ಗ್ಯಾಸ್ ಒಲೆಗೆ ಅನುಮತಿಯಿದ್ದು, ಸ್ಪಿರಿಟ್ ಒಲೆಗೆ ಇಲ್ಲದಿರುವುದುಂಟು. ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಹೊಸ ಕ್ಯಾನಿನ ಒಳಗಿನ ಪ್ಲಾಸ್ಟಿಕ್ ಲೇಪ, ಹೊರಗಿನ ಬಣ್ಣ ಮೊದಲ ಸಲ ಸುಡುವಾಗ ನಾತ ಬರುತ್ತದೆ. ಬಯಲಿನಲ್ಲಿ ಒಂದೆರಡು ಸಲ ಖಾಲಿ ಉರಿಸಿ, ಹೊಗೆಯಿಂದ ದೂರ ನಿಂತು, ಆಮೇಲೆ ಬಳಸಿ.

ಸ್ಪಿರಿಟ್ ಒಲೆಯೇ ಬೇಡವೆನ್ನುವ ಸಂದರ್ಭ

ಒಬ್ಬರು ಇಬ್ಬರಿಗೆ, ದಿನಕ್ಕೆ ಎರಡು ಸಲ ಅರ್ಧ ಲೀಟರ್ ನೀರು ಕಾಯಿಸುವವರಿಗೆ ದಿನಕ್ಕೆ 35ರಿಂದ 40 ಮಿ.ಲೀ. ಸ್ಪಿರಿಟ್ ಬೇಕು, ತೂಕ 30 ಗ್ರಾಮಿನ ಆಸುಪಾಸು. ಮೂರು ನಾಲ್ಕು ದಿನದ ಚಾರಣಕ್ಕೆ ಇದಕ್ಕಿಂತ ಹಗುರವಾದ ಏರ್ಪಾಟು ಸಿಗುವುದು ಕಷ್ಟ. ದಿನಗಳು ಹೆಚ್ಚಿದಂತೆ, ಜನ ಹೆಚ್ಚಿದಂತೆ ಲೆಕ್ಕ ತಿರುಗುತ್ತದೆ. ಬ್ಯುಟೇನ್ ಅನಿಲ ಕೆ.ಜಿ.ಗೆ ಸುಮಾರು 45 ಮೆಗಾಜೂಲ್ ಕೊಡುತ್ತದೆ, ಎಥನಾಲಿನ ಒಂದೂವರೆ ಪಟ್ಟಿಗಿಂತ ಹೆಚ್ಚು. ನಾಲ್ಕೈದು ಜನರ ಅಡುಗೆಗೆ, ಹಿಮ ಕರಗಿಸಿ ನೀರು ಮಾಡಿಕೊಳ್ಳಬೇಕಾದ ಕಡೆಗೆ, ಸದಾ ಬಿರುಗಾಳಿ ಇರುವ ಬೆಟ್ಟದ ನೆತ್ತಿಗೆ ಗ್ಯಾಸ್ ಒಲೆಯನ್ನೇ ಒಯ್ಯಿರಿ.

ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲಿ ಪರೀಕ್ಷಿಸುವಾಗ

ಇನ್ನೂ ಮನಸ್ಸು ಗಟ್ಟಿಯಾಗದಿದ್ದರೆ ಎರಡನ್ನೂ ಮಾಡಿ ನೋಡಿ. ಕಳೆದುಕೊಳ್ಳುವುದು ಖಾಲಿ ಕ್ಯಾನು ಮಾತ್ರ. ಬಯಲಿನ ಸಿಮೆಂಟ್ ನೆಲದ ಮೇಲೆ, ಗಾಳಿ ಕಡಿಮೆಯಿರುವ ಹೊತ್ತಿನಲ್ಲಿ, ಅದೇ ಪಾತ್ರೆ, ಅದೇ ಮುಚ್ಚಳ, ಅದೇ ಗಾಳಿತಡೆ ಇಟ್ಟುಕೊಳ್ಳಿ. ಸೂಜಿಯಿಲ್ಲದ ಸಿರಿಂಜಿನಿಂದ 20 ಮಿ.ಲೀ. ಸ್ಪಿರಿಟ್ ಅಳೆಯಿರಿ, ಅರ್ಧ ಲೀಟರ್ ನೀರು ಹಾಕಿ. ಹೊತ್ತಿಸಿದ ಗಳಿಗೆ, ನೀರು ತಳಮಳ ಕುದಿದ ಗಳಿಗೆ, ಉರಿ ತಾನಾಗಿ ಆರಿದ ಗಳಿಗೆ, ಮೂರನ್ನೂ ಬರೆದುಕೊಳ್ಳಿ. ಕುದಿ ಬಂದ ಮೇಲೂ ಮೂರು ನಾಲ್ಕು ನಿಮಿಷ ಉರಿ ಉಳಿದರೆ ಮುಂದಿನ ಸಲ 17 ಮಿ.ಲೀ.ಗೆ ಇಳಿಸಿ ನೋಡಿ. ಕುದಿಯುವ ಮೊದಲೇ ಆರಿದರೆ ಇಂಧನ ಹೆಚ್ಚಿಸುವ ಮೊದಲು ಸ್ಟ್ಯಾಂಡನ್ನು ಅರ್ಧ ಸೆಂ.ಮೀ. ಮೇಲೆ ಕೆಳಗೆ ಮಾಡಿ, ಗಾಳಿತಡೆಯ ಸಂದಿಯನ್ನು ಹಿಗ್ಗಿಸಿ ಕುಗ್ಗಿಸಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತು ಪ್ರತಿ ಸುತ್ತಿಗೂ ಒಲೆ, ಪಾತ್ರೆ ಎರಡೂ ಪೂರ್ತಿ ತಣ್ಣಗಾಗಲಿ. ಬಿಸಿ ಪಾತ್ರೆಯಲ್ಲಿ ಶುರುಮಾಡಿದ ಎರಡನೆಯ ಒಲೆ ಸುಮ್ಮನೆ ಗೆದ್ದಂತೆ ಕಾಣುತ್ತದೆ.